ಗುಮ್ಮ ಮಾತಾಡಿತು, ಅದೂ ಕನ್ನಡದಲ್ಲಿ

ಲಡ್ಡು ಇನ್ನೂ ಕವರಿನಲ್ಲೇ ಇದೆ. ತಿನ್ನೋ ಮನಸ್ಸಿಲ್ಲ. ಪ್ರಸಾದವನ್ನು ಹಾಗೆ ಇಡಬಾರದು ಅಂತ ಗೊತ್ತು. ಆದರೂ ಮೇಜಿನ ಮೇಲೆ ಬಿದ್ದಿದೆ.

ಆ ಹೆಂಗಸಿನ ಮೇಲೆ ನನಗೆ ಕೋಪ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಳ್ಳು, ಇದೆ. ಆದರೆ ಅವರಿಗಿಂತ ಜಾಸ್ತಿ ಕೋಪ ಇರುವುದು ನನ್ನ ಜೊತೆ ನಿಂತಿದ್ದ ನಮ್ಮ ಆಫೀಸಿನ ಸರ್ ಮೇಲೆ.

ಹಾಸನಾಂಬೆ ದರ್ಶನದ ಸಾಲು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಗುಡಿ, ಜನ ಎಷ್ಟಿರುತ್ತಾರೆ ಅಂತ ಹಾಸನದವರಿಗೆ ಹೇಳಬೇಕಾಗಿಲ್ಲ. 300 ರೂಪಾಯಿ ಟಿಕೆಟ್ ಇತ್ತು, 1000 ರೂಪಾಯಿದೂ ಇತ್ತು. ‘ನಿಂತು ನೋಡಿದ್ರೇ ಪುಣ್ಯ ಕಣಪ್ಪ’ ಅಂತ ಸರ್ ಆಫೀಸಿನ ನಮ್ಮೆಲ್ಲರನ್ನೂ ಧರ್ಮದರ್ಶನದ ಸಾಲಿಗೆ ನುಗ್ಗಿಸಿದರು. ಮೂರು ಗಂಟೆ ಕಳೆದಿತ್ತು. ಮೇಲೆ ತಗಡು, ಎರಡೂ ಕಡೆ ಬ್ಯಾರಿಕೇಡ್. ನನ್ನ ಮುಂದೆ ಒಬ್ಬ ತಾಯಿ. ಸೊಂಟದ ಮೇಲೆ ಎರಡು ಮೂರು ವರ್ಷದ ಹುಡುಗ. ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಹುಡುಗ ಬಾಯಿ ಬಿಡುತ್ತಿಲ್ಲ.

ಆಗ ಅವರು ತಿರುಗಿ ನನ್ನ ಕಡೆ ಬೆರಳು ಮಾಡಿದರು. ‘ತಿಂತೀಯೋ ಇಲ್ವೋ? ಅಲ್ನೋಡು ಗುಮ್ಮ! ಕರ್ರಗೆ ಹೆಂಗವ್ನೆ ನೋಡು. ತಿನ್ನದಿದ್ರೆ ಹಿಡ್ಕಂಡು ಹೋಯ್ತಾನೆ.’

ಹುಡುಗ ನನ್ನನ್ನು ನೋಡಿದ. ಬಾಯಿ ತೆರೆಯಿತು. ಚಿತ್ರಾನ್ನ ಒಳಗೆ ಹೋಯಿತು.

ಸುತ್ತ ಇದ್ದವರು ನಕ್ಕರು. ಎರಡನೇ ತುತ್ತಿಗೆ ಮತ್ತೆ ಬೆರಳು. ಮೂರನೇ ತುತ್ತಿಗೆ ಬೆರಳೂ ಬೇಡವಾಯಿತು, ತಲೆಯನ್ನು ಸ್ವಲ್ಪ ನನ್ನ ಕಡೆ ಆಡಿಸಿದರೆ ಸಾಕು, ಹುಡುಗ ಬಾಯಿ ಬಿಡುತ್ತಿದ್ದ. ಡಬ್ಬಿ ಖಾಲಿ ಆಗುವವರೆಗೂ ಇದೇ ನಡೆಯಿತು. ನಾನು ಎಲ್ಲಿಗೆ ಹೋಗಲಿ? ಮುಂದೆ ಅವರು, ಹಿಂದೆ ಸಾವಿರಾರು ಜನ, ಪಕ್ಕದಲ್ಲಿ ಕಬ್ಬಿಣ. ಮುಖ ಎಲ್ಲಿ ಇಟ್ಟುಕೊಳ್ಳುವುದು ಅಂತ ತಿಳಿಯದೆ ಮೇಲಿನ ತಗಡು ನೋಡಿದೆ. ಅದರಲ್ಲಿ ಹನ್ನೊಂದು ತೂತು ಇದ್ದವು. ಬೇಕಿದ್ದರೆ ಹೋಗಿ ಎಣಿಸಿ.

ಮತ್ತೆ, ನಾನೂ ನಕ್ಕೆ. ಹಲ್ಲು ಬಿಟ್ಟು ನಕ್ಕೆ. ಆ ಹುಡುಗ ಇನ್ನೂ ಹೆದರಿರಬೇಕು.

ಕೊನೆಗೆ ಅವನು ನಿಜವಾಗಿ ಅಳೋಕೆ ಶುರು ಮಾಡಿದ. ತಡೆಯಲಾಗಲಿಲ್ಲ. ‘ಅಕ್ಕ, ಅವನನ್ನ ಹೆದರಿಸಬೇಡಿ. ಪುಟ್ಟ, ನಾನು ಯಾರನ್ನೂ ಹಿಡ್ಕೊಂಡು ಹೋಗೋದಿಲ್ಲ ಮಾರಾಯ’ ಅಂದೆ.

‘ಅಯ್ಯೋ ಶಿವನೇ, ಕನ್ನಡ ಬತ್ತದೆ!’

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಮೊಬೈಲ್ ಹಿಡಿದು ‘ಇನ್ನೊಂದ್ಸಲ ಹೇಳಿ ಬ್ರೋ’ ಅಂದ. ಇನ್ನೊಬ್ಬರು ಪ್ರೀತಿಯಿಂದಲೇ ಕೇಳಿದರು, ‘ಇಂಡಿಯಾಗೆ ಬಂದು ಎಷ್ಟು ವರ್ಷ ಆಯ್ತು?’ ಗುಮ್ಮ ಅಂದದ್ದನ್ನಾದರೂ ತಡೆದುಕೊಂಡಿದ್ದೆ. ಆ ಚಪ್ಪಾಳೆ ತಡೆಯೋಕೆ ಆಗಲಿಲ್ಲ.

ಎಷ್ಟು ವರ್ಷ ಆಯ್ತಾ? ಲೆಕ್ಕ ಕೊಡಲಾ? ಪೋರ್ಚುಗೀಸರು ಗೋವಾದಲ್ಲಿ ಇಳಿಸಿ ಮಾರಿದ ಆಫ್ರಿಕಾದ ಗುಲಾಮರ ಮರಿಮಕ್ಕಳ ಮರಿಮಕ್ಕಳು ನಾವು, ಸಿದ್ದಿಗಳು. ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡು ಸೇರಿದವರು. ಆಫ್ರಿಕಾವನ್ನು ನಾನು ನೋಡಿರುವುದು ಕನ್ನಡ ಶಾಲೆಯ ಗೋಡೆ ಮೇಲಿನ ಮ್ಯಾಪಿನಲ್ಲಿ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ನಮ್ಮವರೇ ಆದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಇದೆಲ್ಲ ಜನಕ್ಕೆ ಗೊತ್ತಿರಲೇಬೇಕು ಅಂತ ನಾನು ಹೇಳುತ್ತಿಲ್ಲ. ಕೊಡಗಿನ ಯರವ ಬುಡಕಟ್ಟಿನವರ ಬಗ್ಗೆ ನನಗೇನು ಗೊತ್ತು? ಯಾವೂರು ಅಂತ ಕೇಳಿ, ಕೂತು ಹೇಳುತ್ತೇನೆ. ಯಾವ ದೇಶ ಅಂತ ಯಾಕೆ ಕೇಳುತ್ತೀರಿ? (ನಮ್ಮೂರಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಲ್ಲಿಯದು ನಮ್ಮನ್ನು ಜಗುಲಿ ದಾಟಿ ಒಳಗೆ ಬಿಡದ ಕಥೆ. ಇವತ್ತು ಅದು ಬೇಡ.)

ಇನ್ನು ಕೆಲವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಒಂದೇ, ‘ನೀವು ಓಟದಲ್ಲಿ ಜೋರಲ್ವಾ?’ 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಕೆಲವೇ ವರ್ಷಕ್ಕೆ ಅದನ್ನು ನಿಲ್ಲಿಸಿದರು. ಆ ಮಾತು ಮಾತ್ರ ಉಳಿಯಿತು. ನಮ್ಮ ಆಫೀಸಿನ ಕ್ರೀಡಾಕೂಟದಲ್ಲಿ ನನ್ನನ್ನು ಕೇಳದೆಯೇ ನೂರು ಮೀಟರ್ ಓಟಕ್ಕೆ ಹೆಸರು ಬರೆದಿದ್ದರು. ಏಳು ಜನ ಓಡಿದೆವು. ನಾನು ಏಳನೆಯವನು. ಎಷ್ಟೋ ಜನ ನನ್ನಿಂದ ಮೋಸ ಹೋದವರ ಹಾಗೆ ನೋಡಿದರು.

ಸರ್ ವಿಷಯಕ್ಕೆ ಬರುತ್ತೇನೆ. ಸಾಲಲ್ಲೇ ಕೇಳಿದೆ, ‘ಸರ್, ಅವರು ಅಂದಿದ್ದು ಕೇಳಿಸ್ತಾ?’

‘ಬಿಡಪ್ಪ. ಮಗೀಗೆ ತಿನ್ಸೋಕೆ ಹೇಳಿದ್ದು. ನಮ್ಮಮ್ಮ ನಮಗೂ ಗುಮ್ಮ ಅಂತ ಹೆದರಿಸ್ತಿರಲಿಲ್ವಾ? ಅದರಲ್ಲೇನಿದೆ?’

ಹೆದರಿಸಿರಬಹುದು ಸರ್. ಆದರೆ ನಿಮ್ಮಮ್ಮ ತೋರಿಸಿದ ಗುಮ್ಮ ಕತ್ತಲಲ್ಲಿ ಇತ್ತು. ಅದರ ಹತ್ತಿರ ಆಧಾರ್ ಕಾರ್ಡ್ ಇರಲಿಲ್ಲ. ಅದು ನಿಮ್ಮ ಎದುರಿನ ಟೇಬಲ್ಲಿನಲ್ಲಿ ಕೂತು ಕೆಲಸ ಮಾಡುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದೆನಾ? ಎಲ್ಲಿ. ‘ಹೂಂ ಸರ್’ ಅಂದೆ. ಅವರು ಬಿಡಲಿಲ್ಲ. ‘ನಾನೂ ಕಪ್ಪೇ ಅಲ್ವೇನಯ್ಯ? ನನಗೂ ಎರಡು ಹೆಣ್ಣು ತಪ್ಪಿ ಹೋಯ್ತು. ಅಳ್ತಾ ಕೂತ್ನಾ? ಜನಾಂಗ ಭೇದ ಅನ್ನೋದೆಲ್ಲ ಆ ಬಿಳಿಯರ ರೋಗ. ನಮ್ಮಲ್ಲಿ ಇರೋದು ಬರೀ ತಮಾಷೆ.’

ಇದೇ ಸರ್ ಒಂದು ದಿನ ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಕೂತಿದ್ದರು. ಅವರ ತಂಗಿ ಮಗ ಡಬ್ಲಿನ್‌ನಲ್ಲಿ ಇದ್ದಾನೆ. 2025ರ ಬೇಸಿಗೆಯಲ್ಲಿ ಐರ್ಲೆಂಡಿನಲ್ಲಿ ಭಾರತೀಯರ ಮೇಲೆ ಹಲ್ಲೆ ಆಯ್ತಲ್ಲ, ರಾಯಭಾರ ಕಚೇರಿಯೇ ಹುಷಾರಾಗಿರಿ ಅಂತ ಸೂಚನೆ ಕೊಟ್ಟಿತ್ತಲ್ಲ, ಆಗ. ಬಸ್ಸಿನಲ್ಲಿ ಯಾರೋ ಹುಡುಗರು ಅವನಿಗೆ ‘ನಿನ್ನ ದೇಶಕ್ಕೆ ಹೋಗು’ ಅಂದರಂತೆ. ಹೊಡೆಯಲಿಲ್ಲ, ಮುಟ್ಟಲಿಲ್ಲ, ಅಂದರು ಅಷ್ಟೇ. ಸರ್ ಧ್ವನಿ ನಡುಗುತ್ತಿತ್ತು. ‘ಮನುಷ್ಯರಾ ಅವರು?’ ಅಂದರು. ನಾವೆಲ್ಲ ಸುತ್ತ ಕೂತು ಸಮಾಧಾನ ಮಾಡಿದೆವು. ಹುಡುಗರ ತಮಾಷೆ ಬಿಡಿ ಸರ್ ಅಂತ ಯಾರೂ ಅನ್ನಲಿಲ್ಲ. ನಾನೇ ಹೋಗಿ ಟೀ ತಂದುಕೊಟ್ಟೆ.

ಯಾರಾದರೂ ಉತ್ತರ ಕೊಡಿ. ತಂಗಿ ಮಗನಿಗೆ ಆದರೆ ಹೊಟ್ಟೆ ಉರಿಯುತ್ತದೆ, ಮೂರು ಅಡಿ ದೂರದಲ್ಲಿ ನಿಂತವನಿಗೆ ಆದರೆ ತಮಾಷೆ. ಇದು ಹೇಗೆ? ನಿಜವಾಗಿ ಕೇಳುತ್ತಿದ್ದೇನೆ. ಬಯ್ಯೋದಾದರೆ ಬಯ್ಯಿರಿ, ‘ಅದರಲ್ಲೇನಿದೆ’ ಅನ್ನಬೇಡಿ.

ಆದರೆ ಕೇಳೋಕೆ ನನಗೂ ಬಾಯಿಲ್ಲ. ನಮ್ಮ ರಸ್ತೆ ಕೊನೆಯಲ್ಲಿ ಮೊಮೊ ಮಾರುವ ಹುಡುಗನಿಗೆ ಒಂದು ವರ್ಷದಿಂದ ‘ಏ ನೇಪಾಳಿ’ ಅಂತಲೇ ಕೂಗುತ್ತಿದ್ದೇನೆ. ಒಮ್ಮೆ ಅವನು ‘ನೇಪಾಳ ಅಲ್ಲ ಅಣ್ಣ, ಅಸ್ಸಾಂ’ ಅಂದಿದ್ದ. ‘ಎರಡೂ ಒಂದೇ ಬಿಡೋ’ ಅಂದಿದ್ದೆ. ಅವನೂ ನಕ್ಕಿದ್ದ.

ಈಗ ಆಫೀಸಿನ ಗ್ರೂಪಿನಲ್ಲಿ ಸರ್ ನಮ್ಮೆಲ್ಲರ ಫೋಟೋ ಹಾಕಿದ್ದಾರೆ. ‘ಗುಮ್ಮನಿಗೂ ಅಮ್ಮನ ದರ್ಶನ’ ಅಂತ ಬರೆದಿದ್ದಾರೆ. ಸಾಲು ಸಾಲು ನಗುವ ಮುಖ. ನಾನೂ ಒಂದು ಹೆಬ್ಬೆಟ್ಟು ಒತ್ತಿದೆ. ಯಾಕೆ ಒತ್ತಿದೆ ಅಂತ ನನ್ನನ್ನು ಕೇಳಬೇಡಿ.

ಅವ್ವ ಫೋನ್ ಮಾಡಿದ್ದಳು. ‘ದರ್ಶನ ಆತೇನೋ?’

‘ಆತು. ಚೊಲೋ ಆತು.’

‘ಏನು ಬೇಡಿಕೊಂಡೆ?’

ಏನೂ ಬೇಡಿಕೊಂಡಿಲ್ಲ. ದೇವಿ ಎದುರು ಸಿಕ್ಕಿದ್ದೇ ಎರಡು ಸೆಕೆಂಡು, ‘ನಡೀರಿ ನಡೀರಿ’ ಅಂತ ತಳ್ಳುತ್ತಿದ್ದರು. ಆ ಎರಡು ಸೆಕೆಂಡಿನಲ್ಲೂ ಆ ಹುಡುಗ ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನಾನು ಅವನನ್ನೇ ನೋಡುತ್ತಿದ್ದೆ.