ಏಟು ಬಿದ್ದಿದ್ದು ಒಂದೇ ಶಟರ್‌ನವರಿಗೆ

ರಾಜ್ಯ ಸರ್ಕಾರ ಆಸ್ತಿ ರಿಜಿಸ್ಟ್ರೇಷನ್ ಶುಲ್ಕ ಏರಿಸಿದ್ದು ದೊಡ್ಡ ಬಿಲ್ಡರ್‌ಗಳಿಗೆ ಮಾತ್ರ ಹೊರೆ ಅಂತ ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ನಮ್ಮ ಮಂಡ್ಯಕ್ಕೆ ಬಂದು ನೋಡಿ ಸಾರ್. ಹನ್ನೆರಡು ವರ್ಷದಿಂದ ಬಾಡಿಗೆಗಿದ್ದ ಅಂಗಡಿಯನ್ನೇ ಕೊಳ್ಳೋಣ ಅಂತ ಹೊರಟೆ. ವಿ.ವಿ. ರಸ್ತೆ ಹತ್ತಿರ, ಒಂದೇ ಶಟರ್, ಒಳಗೆ ಇಬ್ಬರು ಗಿರಾಕಿ ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ನಿಲ್ಲಬೇಕು. 40 ಲಕ್ಷಕ್ಕೆ ಮಾತಾಯಿತು. ರಿಜಿಸ್ಟ್ರೇಷನ್‌ಗೆ ಬೇಕಾದ ಇ-ಖಾತೆಗೆ (ಆಸ್ತಿಯ ಆನ್‌ಲೈನ್ ದಾಖಲೆ) ಅಂತ ಓನರ್ ಜೊತೆ ನಾಲ್ಕು ತಿಂಗಳು ಅಲೆದೆ, ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರಿಲ್ಲ, ಕೊನೆಗೆ ಅದು ಕೈಗೆ ಬರುವಷ್ಟರಲ್ಲಿ 2025ರ ಆಗಸ್ಟ್ 31 ದಾಟಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿತ್ತು. ಅಲ್ಲೇ 40 ಸಾವಿರ ಜಾಸ್ತಿ! ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು, ಎಲ್ಲ ಕೂಡಿದರೆ ಶೇ 7.6. ಅಂದರೆ 3 ಲಕ್ಷದ 4 ಸಾವಿರ, ಅದೂ ಕೈಯಿಂದಲೇ ಹಾಕಬೇಕು.

ಮಾರ್ಗಸೂಚಿ ದರವನ್ನು, ಅಂದರೆ ಜಾಗಕ್ಕೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ಬೆಲೆಯನ್ನು, 2023ರ ಅಕ್ಟೋಬರ್‌ನಲ್ಲೇ ಏರಿಸಿದ್ದರು. ಅದೇ ವರ್ಷ ಬೆಂಗಳೂರು–ಮೈಸೂರು ಹೈವೇ ಉದ್ಘಾಟನೆ ಆಯಿತು. ಕಾರುಗಳೆಲ್ಲ ಬೈಪಾಸ್‌ನಲ್ಲಿ ಹೋಗುತ್ತವೆ, ಊರೊಳಗೆ ಬರೋದು ಬಸ್ಸಿನವರು ಮಾತ್ರ. ವ್ಯಾಪಾರ ಇಳಿಯಿತು, ಜಾಗದ ದರ ಇಳಿಯಲಿಲ್ಲ. ಯಾವ ಲೆಕ್ಕ ಇದು? ಸರ್ಕಾರಕ್ಕೆ ದುಡ್ಡು ಬೇಕು, ಒಪ್ಪೋಣ. ಆದರೆ ಸಣ್ಣ ಮಳಿಗೆಗೂ ಮಾಲ್‌ಗೂ ಒಂದೇ ದರ ಹಾಕೋದು ಸರಿನಾ?

ಸದ್ಯಕ್ಕೆ ಕೊಳ್ಳುವ ಆಸೆ ಬಿಟ್ಟು ಮತ್ತೆ 11 ತಿಂಗಳ ಕರಾರನ್ನೇ ಬರೆಸಿದ್ದೇನೆ. ಒಂದು ವರ್ಷ ದಾಟಿದರೆ ಅದನ್ನೂ ರಿಜಿಸ್ಟರ್ ಮಾಡಿಸಬೇಕಲ್ವಾ.