ಸತ್ಯಾಂಶ: ಕಸ ಬೀಳುವ ಮುಂಚೆ ಕರುವಿಗೆ ಗಿಣ್ಣು ಕುಡಿಸಬಾರದೇ?

‘ಹಸು ಈದ ಮೇಲೆ ಕಸ (ಮಾಸು) ಬೀಳುವ ತನಕ ಕರುವಿಗೆ ಗಿಣ್ಣು ಹಾಲು ಕೊಡಬೇಡಿ, ಭೇದಿಯಾಗುತ್ತದೆ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿರುತ್ತದೆ. ಇದು ತಪ್ಪು, ಕರುವಿನ ಜೀವಕ್ಕೇ ಕುತ್ತು ತರಬಲ್ಲ ತಪ್ಪು.

ಮನುಷ್ಯರ ಮಗುವಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೋಗನಿರೋಧಕ ಪ್ರತಿಕಾಯಗಳು ಸಿಗುತ್ತವೆ. ಹಸುವಿನ ಮಾಸು ಅವನ್ನು ದಾಟಲು ಬಿಡುವುದಿಲ್ಲ. ಕರುವಿಗೆ ಅವು ಬರುವುದು ಗಿಣ್ಣಿನಿಂದಲೇ. ಅದಕ್ಕೂ ಗಡುವಿದೆ: ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಸೇರಿಸುವ ಕರುಳಿನ ಶಕ್ತಿ ಹುಟ್ಟಿದ ಗಳಿಗೆಯಿಂದಲೇ ಕುಗ್ಗುತ್ತ, 24 ಗಂಟೆಯೊಳಗೆ ಹೆಚ್ಚುಕಡಿಮೆ ಮುಗಿದೇಹೋಗುತ್ತದೆ. ಕಸ ಬೀಳಲು ಕೆಲವೊಮ್ಮೆ ಎಂಟು ಗಂಟೆಯೂ ಬೇಕು. ಅಷ್ಟು ಹೊತ್ತು ಕಾಯುವುದು ಯಾವ ಲೆಕ್ಕ?

ಒಂದೆರಡು ಗಂಟೆಯೊಳಗೇ ಕುಡಿಸಿ. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗವಾದರೂ ಬೇಕು. 25 ಕಿಲೋ ಕರುವಾದರೆ ಎರಡೂವರೆ ಲೀಟರ್, ಎರಡು ಮೂರು ಸಲ ಹಂಚಿ. ಕರು ಮೊಲೆ ಚೀಪಿದಾಗ ಹಸುವಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಗರ್ಭಕೋಶ ಕುಗ್ಗುತ್ತದೆ. ಕಸ ಬೀಳಲು ಅದು ನೆರವೇ ಹೊರತು ಅಡ್ಡಿಯಲ್ಲ.

ಭೇದಿಗೆ ಹೆಚ್ಚಾಗಿ ಕಾರಣ ಕೊಳಕು ಕೊಟ್ಟಿಗೆ, ತೊಳೆಯದ ಪಾತ್ರೆಯ ರೋಗಾಣು. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣಿನ ಆಸೆ ನಮಗೂ ಇದೆ ಅನ್ನಿ, ಕರು ಕುಡಿದು ಮಿಕ್ಕಿದ್ದರಲ್ಲಿ ಮಾಡಿಕೊಳ್ಳೋಣ. 12 ಗಂಟೆ ಕಳೆದರೂ ಕಸ ಬೀಳದಿದ್ದರೆ ಕೈಹಾಕಿ ಎಳೆಯದೆ ಪಶುವೈದ್ಯರನ್ನು ಕರೆಸಿ.