ಎದುರು ಗಾಳಿಯ ಜೊತೆ ಹಟ ಯಾಕೆ?

ಕರ್ನಾಟಕ ಬಿಟ್ಟು ಬಂದ ಮೇಲೆ ನನಗೆ ಹತ್ತಿದ ಹುಚ್ಚುಗಳಲ್ಲಿ ಹಾಯಿದೋಣಿಯೂ ಒಂದು. ಇಲ್ಲಿ ನನ್ನ ಜೊತೆ ದೋಣಿ ಹತ್ತುವವರಲ್ಲಿ ಎರಡು ಪಂಗಡ. ಒಂದು ರೇಸಿನಲ್ಲಿ ಪಳಗಿದವರದು. ಗಾಳಿ ಎತ್ತಲಿಂದ ಬೀಸಲಿ, ಹೇಳಿದ ಹೊತ್ತಿಗೆ ಲಂಗರು ಎತ್ತಲೇಬೇಕು. ಇನ್ನೊಂದು ಸುಮ್ನೆ ಸುತ್ತಾಡಲು ಬಂದವರದು. ಎದುರು ಗಾಳಿ ಅಂತ ಗೊತ್ತಾದರೆ ಪುಸ್ತಕ ಹಿಡಿದು ಕೂತುಬಿಡುತ್ತಾರೆ. ನಾನು ಎರಡನೆಯವರ ಕಡೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಲೆಕ್ಕ ನೋಡಿ. ಹಾಯಿ ಬಿಚ್ಚಿದ ದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಟ್ಯಾಕ್ ಮಾಡುತ್ತಾ ಸಾಗಬೇಕು. 20 ನಾಟಿಕಲ್ ಮೈಲಿ ದೂರದ ಬಂದರಿಗೆ 28 ಮೈಲಿ ಓಡಬೇಕು. ಇದು ಕಾಗದದ ಮೇಲಿನ ಮಾತು. ಸಾಮಾನು ತುಂಬಿದ ದೋಣಿ ಅಡ್ಡಕ್ಕೂ ಜಾರುತ್ತದೆ, ಅಲೆ ಬಡಿದು ನಿಧಾನವೂ ಆಗುತ್ತದೆ. 35 ಮೈಲಿ ಆದರೂ ಆಶ್ಚರ್ಯವಿಲ್ಲ. 5 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿಯಂತೆ, 4 ಗಂಟೆಯ ದಾರಿ 7 ಗಂಟೆಗೆ ಎಳೆಯುತ್ತದೆ.

ಗಾಳಿಯ ಕಥೆ ಇನ್ನೂ ಬೇರೆ. 15 ನಾಟ್ ಗಾಳಿಯನ್ನು ಬೆನ್ನಿಗಿಟ್ಟುಕೊಂಡು 5 ನಾಟಿನಲ್ಲಿ ಹೋದರೆ ಮೈಗೆ ತಾಕುವುದು 10 ನಾಟ್ ಮಾತ್ರ. ಅದೇ ಗಾಳಿಗೆ 45 ಡಿಗ್ರಿ ಓರೆಯಾಗಿ ಮುಖ ಕೊಟ್ಟರೆ ಹತ್ತಿರ ಹತ್ತಿರ 19. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಹಾಯಿಯ ಮೇಲೆ ಬೀಳುವ ಹೊರೆ ಮೂರೂವರೆ ಪಟ್ಟು ಜಾಸ್ತಿ. ಅದೇ ದಿನ, ಅದೇ ಸಮುದ್ರ. ದಿಕ್ಕು ಬದಲಾದರೆ ರಜೆ ಹೋಗಿ ಸಜೆ ಆಗುತ್ತದೆ.

ಸಜೆ ಎಂದರೆ ಏನು ಅಂತ ಕ್ಯಾಬಿನ್ ಒಳಗೆ ಇಳಿದರೆ ತಿಳಿಯುತ್ತದೆ. ನೆಲ 20 ಡಿಗ್ರಿ ವಾಲಿದೆ. ಒಲೆ ಹತ್ತಿರ ನಿಂತವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಕಂಬಿ ಹಿಡಿದಿದ್ದಾರೆ. ದೋಣಿಯ ಮೂತಿ ಅಲೆ ಹತ್ತಿ ಧೊಪ್ಪೆಂದು ಬಿದ್ದಾಗ ಡ್ರಾಯರಿನ ಚಮಚಗಳೆಲ್ಲ ಒಟ್ಟಿಗೆ ಗಲಗಲ ಅನ್ನುತ್ತವೆ. ಮೇಲೆ ಚುಕ್ಕಾಣಿ ಹಿಡಿದವನಿಗೆ ಇದೇ ಖುಷಿ! ಕೈಯಲ್ಲಿ ಕೆಲಸ ಇದೆ, ಕಣ್ಣಿಗೆ ದಿಗಂತ ಇದೆ, ಹಾಗಾಗಿ ಅವನಿಗೆ ವಾಂತಿ ಬರುವುದು ಕಮ್ಮಿ. ಎದುರು ಗಾಳಿಯನ್ನು ಹೊಗಳುವವರು ಹೆಚ್ಚಾಗಿ ಚುಕ್ಕಾಣಿ ಹಿಡಿದವರೇ ಅನ್ನೋದು ನನ್ನ ಗುಮಾನಿ.

ರೇಸಿನವರ ಮಾತಲ್ಲೂ ಹುರುಳಿದೆ. ಗಾಳಿ ನಿಮ್ಮನ್ನು ಬಂಡೆಗಳ ಕಡೆ ತಳ್ಳುತ್ತಿದೆ, ಇಂಜಿನ್ ಕೈಕೊಟ್ಟಿದೆ ಅಂದುಕೊಳ್ಳಿ. ಆಗ ಟ್ಯಾಕ್ ಮಾಡಿ ಹೊರಬೀಳಲು ಬಾರದವನು ದೋಣಿ ಕಳೆದುಕೊಳ್ಳುತ್ತಾನೆ. ಈ ವಿದ್ಯೆ ಬರಲೇಬೇಕು. ಅದಕ್ಕೇ ನೀರು ಸಮತಟ್ಟಾಗಿರುವ ಕಡೆ, ಹದವಾದ ಗಾಳಿಯಲ್ಲಿ ಅರ್ಧ ದಿನ ಎದುರು ಹೋಗಿ. ಸೊಗಸಾಗಿರುತ್ತದೆ, ನಾನೂ ಬಿಡುವುದಿಲ್ಲ. ಆದರೆ ಬರುವ ವಿದ್ಯೆಯನ್ನೆಲ್ಲ ದಿನಾ ತೋರಿಸಬೇಕು ಅಂತೇನೂ ಇಲ್ಲ, ಅಲ್ವಾ?

ಅರಬ್ಬೀ ಸಮುದ್ರದ ಹಳೇ ಹಾಯಿಹಡಗಿನವರು ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಆಫ್ರಿಕಾ ಕಡೆ ಇಳಿದು, ಗಾಳಿ ನೈಋತ್ಯಕ್ಕೆ ತಿರುಗುವ ತನಕ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅವರಿಗೆ ನಾವಿಕತನ ಗೊತ್ತಿರಲಿಲ್ಲ ಅಂತ ಯಾರೂ ಅನ್ನುವುದಿಲ್ಲ. ಇವತ್ತೂ ಯೂರೋಪಿನಿಂದ ಕೆರಿಬಿಯನ್‌ಗೆ ಹೊರಡುವ ಎಷ್ಟೋ ಜನ ಮೊದಲು ದಕ್ಷಿಣಕ್ಕೆ ಕ್ಯಾನರಿ ದ್ವೀಪಗಳಿಗೆ ಇಳಿಯುತ್ತಾರೆ. ಅಲ್ಲಿಂದ ವಾಣಿಜ್ಯ ಮಾರುತವನ್ನು ಬೆನ್ನಿಗೆ ಹಾಕಿಕೊಂಡು ಅಟ್ಲಾಂಟಿಕ್ ದಾಟುತ್ತಾರೆ. ಸುತ್ತು ದಾರಿ ನಿಜ. ಆದರೆ ಊಟ ಹೊಟ್ಟೆಯಲ್ಲೇ ಉಳಿಯುತ್ತದೆ.

ನಿಜವಾದ ತೊಂದರೆ ಕ್ಯಾಲೆಂಡರಿನದು. ಸೋಮವಾರ ಆಫೀಸು, ಭಾನುವಾರ ವಿಮಾನ. ಅದಕ್ಕೇ ನೆಂಟರನ್ನು ಕರೆಯುವಾಗ ಊರು ನೀವು ಹೇಳಿ, ಇಲ್ಲಾ ದಿನ ನೀವು ಹೇಳಿ, ಎರಡನ್ನೂ ಹೇಳಬೇಡಿ ಅಂತ ದೋಣಿಯವರು ಕರಾರು ಹಾಕುತ್ತಾರೆ.

ಕಾಯಲು ಆಗದಿದ್ದರೆ ಇಂಜಿನ್ ಹಾಕಿ. ಅದರಲ್ಲಿ ಅವಮಾನ ಏನಿಲ್ಲ. ದೊಡ್ಡ ಹಾಯಿಯನ್ನು ಬಿಗಿಯಾಗಿ ಎಳೆದಿಟ್ಟು, ಗಾಳಿಗೆ ಸ್ವಲ್ಪ ಓರೆಯಾಗಿ ಹೋದರೆ ಹೊರಳಾಟ ಕಮ್ಮಿ, ಟ್ಯಾಕ್‌ಗಳೂ ಕಮ್ಮಿ. ಅಲೆಯ ಕುಲುಕಾಟಕ್ಕೆ ಡೀಸೆಲ್ ಟ್ಯಾಂಕಿನ ತಳದ ಗಸಿ ಎದ್ದು ಫಿಲ್ಟರ್ ಕಟ್ಟಿಕೊಳ್ಳುವುದುಂಟು. ಹೊರಡುವ ಮುಂಚೆ ಒಂದೆರಡು ಹೊಸ ಫಿಲ್ಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.